ಅಮೆರಿಕದ ಜನಪ್ರತಿನಿಧಿಯೊಬ್ಬರ ಜೀವನಚಿತ್ರ ಬರೆಯುವ ಬಗೆ

ಚಿತ್ರದುರ್ಗದ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಓದುವವರು ವಿದೇಶಿ ರಾಜಕಾರಣಿಯ ಕುರಿತು ಪ್ರಬಂಧ ಬರೆಯುವಾಗ ಹುಟ್ಟು, ಓದು, ಗೆಲುವು, ಸಾವು ಎಂಬ ಕ್ರಮ ಹಿಡಿಯುವುದು ರೂಢಿ. ಆ ಕ್ರಮದಲ್ಲಿ ಬದುಕಿಗೆ ಅಡ್ಡ ನಿಂತ ಕಾನೂನುಗಳು ಕಾಣದೇ ಹೋಗುತ್ತವೆ. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಭಾರತೀಯ ಮೂಲದವರಾದ ದಲೀಪ್ ಸಿಂಗ್ ಸೌಂದ್ ಅವರನ್ನೇ ತೆಗೆದುಕೊಳ್ಳಿ. ಅವರು ಡೆಮಾಕ್ರಟಿಕ್ ಪಕ್ಷದವರೆಂಬುದನ್ನು ಮೊದಲ ಸಾಲಿನಲ್ಲೇ ತಿಳಿಸಿಬಿಡಿ. ಇಲ್ಲವಾದರೆ ನಮ್ಮ ಓದುಗರು ಕಾಂಗ್ರೆಸ್ ಎಂದರೆ ಪಕ್ಷವೆಂದೇ ತಿಳಿಯುತ್ತಾರೆ.

ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಬದುಕನ್ನೂ ಬಲಕ್ಕೆ ಕಾನೂನನ್ನೂ ಇಸವಿವಾರು ಬರೆದುಕೊಳ್ಳಿ. ಎಡದಲ್ಲಿ 1899ರಲ್ಲಿ ಅಮೃತಸರ ಜಿಲ್ಲೆಯಲ್ಲಿ ಜನನ, 1920ರಲ್ಲಿ ಅಮೆರಿಕಕ್ಕೆ ಪ್ರಯಾಣ, 1924ರಲ್ಲಿ ಬರ್ಕ್ಲಿಯಲ್ಲಿ ಗಣಿತದ ಡಾಕ್ಟರೇಟ್ ಎಂದು ಬರುತ್ತದೆ. ಬಲದಲ್ಲಿ, 1923ರ ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು, ಪೌರತ್ವಕ್ಕೆ ಅರ್ಹರಲ್ಲದವರು ಜಮೀನು ಕೊಳ್ಳದಂತೆ ಕ್ಯಾಲಿಫೋರ್ನಿಯದ ಕಾನೂನು ತಡೆದದ್ದು ಬರುತ್ತವೆ. ಎರಡನ್ನೂ ಒಟ್ಟಿಗೆ ನೋಡಿದಾಗ, ಗಣಿತದ ಡಾಕ್ಟರೇಟ್ ಪಡೆದವರು ಇಂಪೀರಿಯಲ್ ಕಣಿವೆಯ ಹೊಲಗಳಲ್ಲಿ ದುಡಿದ ಆ ವರ್ಷಗಳ ಭಾರ ತಿಳಿಯುತ್ತದೆ.

ಕ್ಷೇತ್ರದ ಪರಿಚಯಕ್ಕೂ ಒಂದು ಪ್ಯಾರಾ ಮೀಸಲಿಡಿ. ಇಂಪೀರಿಯಲ್ ಕಣಿವೆ ಮರುಭೂಮಿ; ಕೊಲರಾಡೊ ನದಿಯ ನೀರು ಕಾಲುವೆಯಲ್ಲಿ ಹರಿದು ಬಂದರೆ ಮಾತ್ರ ಬೆಳೆ. ಮಾರಿಕಣಿವೆಯ ಅಚ್ಚುಕಟ್ಟನ್ನು ಕಂಡ ಹಿರಿಯೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೆಚ್ಚು ಜಾಗ ಸಲ್ಲಬೇಕಾದದ್ದು ಮುಂದಿನ ಘಟ್ಟಕ್ಕೆ. 1946ರ ಲೂಸ್–ಸೆಲರ್ ಕಾಯ್ದೆ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು. ಸೌಂದ್ 1949ರಲ್ಲಿ ಪೌರರಾದರು. 1950ರಲ್ಲಿ ವೆಸ್ಟ್‌ಮೋರ್ಲ್ಯಾಂಡ್ ಊರಿನ ನ್ಯಾಯಾಧೀಶ ಸ್ಥಾನಕ್ಕೆ ಗೆದ್ದರೂ, ಪೌರರಾಗಿ ವರ್ಷ ತುಂಬಿರಲಿಲ್ಲವೆಂಬ ಕಾರಣಕ್ಕೆ ಅದು ಕೈತಪ್ಪಿತು. 1952ರಲ್ಲಿ ಮತ್ತೆ ನಿಂತು ಗೆದ್ದರು. ನನ್ನ ಮಟ್ಟಿಗೆ ಅವರ ಇಡೀ ಬದುಕಿನ ತಿರುಳು ಈ ಎರಡನೆಯ ಸ್ಪರ್ಧೆಯಲ್ಲಿದೆ. ಇದನ್ನು ಒಂದು ಸಾಲಿನಲ್ಲಿ ಮುಗಿಸಬಾರದು.

ಚುನಾವಣೆಯನ್ನು ಹೇಳುವಾಗ, ಅಲ್ಲಿನ ಪ್ರತಿನಿಧಿಗಳ ಸಭೆಯ ಅವಧಿ ಎರಡೇ ವರ್ಷ ಎಂಬುದನ್ನು ನೆನಪಿಸಿ. ಪ್ರಸಿದ್ಧ ವಿಮಾನ ಚಾಲಕಿ ಜಾಕ್ವೆಲಿನ್ ಕಾಕ್ರನ್ ಅವರನ್ನು 1956ರ ನವೆಂಬರಿನಲ್ಲಿ ಸೋಲಿಸಿದ ಸೌಂದ್, 1958ರಲ್ಲೂ 1960ರಲ್ಲೂ ಜನರ ಮುಂದೆ ಹೋಗಿ ಗೆಲ್ಲಬೇಕಾಯಿತು. ಚಿತ್ರದುರ್ಗದಿಂದ ಮೊದಲ ಲೋಕಸಭೆಗೆ ಹೋಗಿದ್ದ ಎಸ್. ನಿಜಲಿಂಗಪ್ಪನವರು ಏಕೀಕೃತ ರಾಜ್ಯದ ಮುಖ್ಯಮಂತ್ರಿಯಾದದ್ದೂ ಅದೇ 1956ರ ನವೆಂಬರಿನಲ್ಲಿ. ಇದನ್ನು ಸೇರಿಸಿದರೆ ನಮ್ಮ ಓದುಗರಿಗೆ ಕಾಲದ ಅಂದಾಜು ಥಟ್ಟನೆ ಸಿಗುತ್ತದೆ. ವಿದೇಶಾಂಗ ಸಮಿತಿಯ ಸದಸ್ಯತ್ವ ಮತ್ತು 1957ರ ಭಾರತ ಭೇಟಿಯನ್ನು ಚುಟುಕಾಗಿ ಹೇಳಿದರೆ ಸಾಕು.

ಇಸವಿಗಳನ್ನು ಪ್ರತಿನಿಧಿಗಳ ಸಭೆಯ ಇತಿಹಾಸ ವಿಭಾಗದ ಜಾಲತಾಣದಲ್ಲಿ ತಾಳೆ ನೋಡಿ. ಕೊನೆಯ ಭಾಗದಲ್ಲಿ ವಿಶೇಷಣಗಳನ್ನು ಹೊಡೆದುಹಾಕಿ: 1962ರಲ್ಲಿ ಪಾರ್ಶ್ವವಾಯು ಬಡಿಯಿತು, ಪ್ರಚಾರಕ್ಕೆ ಹೋಗಲಾಗಲಿಲ್ಲ, ಆ ವರ್ಷದ ಚುನಾವಣೆಯಲ್ಲಿ ಸೋತರು, 1973ರಲ್ಲಿ ತೀರಿಕೊಂಡರು ಎಂದಷ್ಟೇ ಬರೆಯಿರಿ.