ಕಲ್ಲಿದ್ದಲು ಸ್ಥಾವರದ ಇಂಗಾಲದ ಡೈಆಕ್ಸೈಡನ್ನು ಹಿಡಿದು ನೆಲದಡಿ ಇರಿಸುವ ಕ್ರಮ

ಇಂಥ ಯೋಜನೆಯನ್ನು ಚಿಮಣಿಯಿಂದಲ್ಲ, ನೆಲದಡಿಯಿಂದ ಆರಂಭಿಸಬೇಕು. ಕಲ್ಲಿದ್ದಲಿನಿಂದ ಪೂರ್ಣ ಸಾಮರ್ಥ್ಯದಲ್ಲಿ ನಡೆಯುವ 500 ಮೆಗಾವಾಟ್‌ನ ಘಟಕವೊಂದು ದಿನಕ್ಕೆ ಸುಮಾರು 10,000 ಟನ್ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ಅಷ್ಟನ್ನು ಹತ್ತಾರು ವರ್ಷ ತುಂಬಿಸಿಡುವ ಜಾಗ ಗೊತ್ತಾಗದೆ ಯಂತ್ರ ಕೊಳ್ಳುವುದು, ಕಣಜವಿಲ್ಲದೆ ಒಕ್ಕಣೆಗೆ ಇಳಿದಂತೆ.

800 ಮೀಟರಿಗಿಂತ ಆಳದಲ್ಲಿ ಉಪ್ಪುನೀರು ತುಂಬಿದ, ಸಣ್ಣ ರಂಧ್ರಗಳುಳ್ಳ ಮರಳುಗಲ್ಲು ಇರಬೇಕು. ಅದರ ಮೇಲೆ ಅನಿಲ ನುಸುಳದಂಥ ಜೇಡಿಶಿಲೆಯ ಹೊದಿಕೆ ಇರಬೇಕು. ಆ ಆಳದ ಒತ್ತಡದಲ್ಲಿ ಅನಿಲವು ದ್ರವದಂತೆ ಸಾಂದ್ರವಾಗಿ, ಕಡಿಮೆ ಜಾಗದಲ್ಲಿ ಅಡಗುತ್ತದೆ. ರಾಯಚೂರು ಸ್ಥಾವರದ ಕೆಳಗಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳಿಗೆ ಈ ಗುಣವಿಲ್ಲ. ವಿಜಯಪುರ ಜಿಲ್ಲೆಯ ಕೂಡಗಿ ಸ್ಥಾವರದ ಕಡೆಯ ದಖ್ಖನ್ ಬಸಾಲ್ಟ್, ಅಂದರೆ ಲಾವಾ ತಣಿದು ಆದ ಕಪ್ಪುಶಿಲೆ, ಬೇರೆ ಜಾತಿಯದು. ಐಸ್‌ಲೆಂಡಿನ ಕಾರ್ಬ್‌ಫಿಕ್ಸ್ ಪ್ರಯೋಗದಲ್ಲಿ, 2012ರಲ್ಲಿ ನೀರಿನಲ್ಲಿ ಕರಗಿಸಿ ಬಸಾಲ್ಟ್‌ಗೆ ಇಳಿಸಿದ ಅನಿಲದ ಶೇ 95ಕ್ಕೂ ಹೆಚ್ಚು ಭಾಗ ಎರಡು ವರ್ಷದೊಳಗೆ ಖನಿಜವಾಗಿ ಗಟ್ಟಿಯಾಯಿತು. ಆದರೆ ಆ ವಿಧಾನಕ್ಕೆ ಅನಿಲದ ತೂಕದ ಇಪ್ಪತ್ತು ಪಟ್ಟಿಗೂ ಹೆಚ್ಚು ನೀರು ಬೇಕು. ಬರ ಕಂಡ ಜಿಲ್ಲೆಯಲ್ಲಿ ಈ ಲೆಕ್ಕವನ್ನು ಮೊದಲೇ ಹಾಕಬೇಕು.

ಜಾಗ ಖಚಿತವಾದ ಮೇಲೆ ಹೊಗೆಯ ಕೆಲಸ. ಕಲ್ಲಿದ್ದಲಿನ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇ 12ರಿಂದ 15ರಷ್ಟು ಮಾತ್ರ, ಉಳಿದದ್ದು ಬಹುಪಾಲು ಸಾರಜನಕ. ಮೊದಲು ಹಾರುಬೂದಿಯನ್ನೂ ಗಂಧಕದ ಡೈಆಕ್ಸೈಡನ್ನೂ ತೆಗೆದು, ಹೊಗೆಯನ್ನು ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಬೇಕು. ಬಳಿಕ ಎತ್ತರದ ಗೋಪುರವೊಂದರಲ್ಲಿ ಮೇಲಿನಿಂದ ಅಮೈನ್ ಎಂಬ ಸಾರಜನಕಯುಕ್ತ ರಾಸಾಯನಿಕದ ದ್ರಾವಣ ಇಳಿಯುತ್ತಿರುವಾಗ ಕೆಳಗಿನಿಂದ ಹೊಗೆಯನ್ನು ಏರಿಸಿದರೆ, ದ್ರಾವಣವು ಇಂಗಾಲದ ಡೈಆಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಅದೇ ದ್ರಾವಣವನ್ನು ಇನ್ನೊಂದು ಗೋಪುರದಲ್ಲಿ 120 ಡಿಗ್ರಿಯ ಆಸುಪಾಸಿಗೆ ಕಾಯಿಸಿದಾಗ ಅನಿಲ ಬಿಟ್ಟುಹೋಗುತ್ತದೆ, ದ್ರಾವಣ ಮರುಬಳಕೆಗೆ ಸಿಗುತ್ತದೆ. ಕಾಯಿಸುವ ಹಬೆಯನ್ನು ಟರ್ಬೈನ್‌ನಿಂದಲೇ ಕದಿಯಬೇಕಾದ್ದರಿಂದ ಮಾರಾಟಕ್ಕೆ ಸಿಗುವ ವಿದ್ಯುತ್ ಗಣನೀಯವಾಗಿ ಇಳಿಯುತ್ತದೆ. ನಿಜವಾದ ವೆಚ್ಚ ಇರುವುದು ಇಲ್ಲಿಯೇ.

ಹೊಗೆಯನ್ನು ಶುದ್ಧಗೊಳಿಸುವ ಹಂತದಲ್ಲಿ ಉಳಿತಾಯ ಮಾಡಬಾರದು. ಕೆನಡಾದ ಸಸ್ಕ್ಯಾಚೆವಾನ್‌ನಲ್ಲಿ 2014ರ ಅಕ್ಟೋಬರಿನಲ್ಲಿ ಆರಂಭವಾದ, ಬೌಂಡರಿ ಡ್ಯಾಮ್ ಕಲ್ಲಿದ್ದಲು ಸ್ಥಾವರದ ಮೂರನೆಯ ಘಟಕದ ಹಿಡಿಯುವ ವ್ಯವಸ್ಥೆಯನ್ನು ವರ್ಷಕ್ಕೆ 10 ಲಕ್ಷ ಟನ್ ಹಿಡಿಯಲೆಂದು ರೂಪಿಸಲಾಗಿತ್ತು. ನುಸುಳಿದ ಬೂದಿ ಮತ್ತು ಬೇಗ ಕೆಡುತ್ತಿದ್ದ ಅಮೈನ್‌ನಿಂದಾಗಿ ಆರಂಭದ ವರ್ಷಗಳಲ್ಲಿ ಅದು ಗುರಿ ಮುಟ್ಟಲಿಲ್ಲ.

ಹಿಡಿದ ಅನಿಲದ ತೇವವನ್ನು ಪೂರ್ತಿ ತೆಗೆಯಬೇಕು, ಇಲ್ಲವಾದರೆ ಅದು ಆಮ್ಲವಾಗಿ ಉಕ್ಕಿನ ಕೊಳವೆಯನ್ನು ತಿನ್ನುತ್ತದೆ. ನಂತರ 100 ಬಾರ್‌ಗೂ (ಗಾಳಿಯ ಸಾಮಾನ್ಯ ಒತ್ತಡದ ಸುಮಾರು ನೂರು ಪಟ್ಟು) ಮೀರಿ ಒತ್ತಿ, ಕೊಳವೆಯ ಮೂಲಕ ಬಾವಿಗೆ ಸಾಗಿಸಬೇಕು. ಬಾವಿಯ ಒತ್ತಡ ಶಿಲೆ ಬಿರುಕುಬಿಡುವ ಮಟ್ಟವನ್ನು ತಲುಪಬಾರದು.

ಸುತ್ತಮುತ್ತ ತೈಲಕ್ಕೋ ನೈಸರ್ಗಿಕ ಅನಿಲಕ್ಕೋ ಹಿಂದೆ ಕೊರೆದ ಹಳೆಯ ಬಾವಿಗಳಿದ್ದರೆ, ಒಂದನ್ನೂ ಬಿಡದೆ ಹುಡುಕಿ ಸಿಮೆಂಟಿನಿಂದ ಮುಚ್ಚಬೇಕು. ಸೋರಿಕೆಗೆ ಅವು ಸುಲಭದ ದಾರಿ. ನಾರ್ವೆಯ ಸ್ಲೈಪ್ನರ್ ಎಂಬ ಸಮುದ್ರದ ನೈಸರ್ಗಿಕ ಅನಿಲ ಕ್ಷೇತ್ರದಲ್ಲಿ 1996ರಿಂದ ಸಮುದ್ರತಳದ ಕೆಳಗೆ ಇಳಿಸಿದ ಇಂಗಾಲದ ಡೈಆಕ್ಸೈಡ್ ಎಲ್ಲೆಲ್ಲಿ ಹರಡಿದೆಯೆಂಬುದನ್ನು ಕಂಪನ ಅಲೆಗಳ ಸಮೀಕ್ಷೆಯಿಂದ ಮತ್ತೆ ಮತ್ತೆ ನೋಡುತ್ತ ಬಂದಿದ್ದಾರೆ. ಅಂಥ ಸಮೀಕ್ಷೆಗೆ ಬೇಕಾದ ಹಣವನ್ನು, ಬಾವಿ ಮುಚ್ಚಿದ ನಂತರದ ವರ್ಷಗಳಿಗೂ ಸೇರಿಸಿ, ಮೊದಲ ಅಂದಾಜುಪಟ್ಟಿಯಲ್ಲಿಯೇ ತೆಗೆದಿರಿಸಬೇಕು.