ಉಳುಕಿದ ಕಾಲಿನಿಂದ ಮತ್ತೆ ಊರ ತಂಡಕ್ಕೆ

ಊರ ಫುಟ್‌ಬಾಲ್ ತಂಡಕ್ಕೆ ಆಳು ಕಡಿಮೆ ಎಂದು ಉಳುಕಿದ ಕಾಲಲ್ಲೇ ಮುಂದಿನ ಭಾನುವಾರ ಇಳಿದರೆ ಅದೇ ಪಾದ ಮತ್ತೆ ಹೊರಳುತ್ತದೆ.

ಪೆಟ್ಟಾದ ಕೂಡಲೇ ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಅಥವಾ ಹರಡಿನ ಮೂಳೆ ಒತ್ತಿದಾಗ ನೋವಾದರೆ ಎಕ್ಸ್‌ರೇ ತೆಗೆಸಿ. ಇಲ್ಲವಾದರೆ ಬಟ್ಟೆ ಸುತ್ತಿದ ಮಂಜುಗಡ್ಡೆ 15 ನಿಮಿಷ, ಕ್ರೇಪ್ ಬ್ಯಾಂಡೇಜು, ಕಾಲು ದಿಂಬಿನ ಮೇಲೆ. ಮೊದಲ ಎರಡು ದಿನ ಎಣ್ಣೆ ತಿಕ್ಕಬೇಡಿ, ಮನೆಯವರು ಎಷ್ಟೇ ಹೇಳಲಿ, ಬಾವು ಹೆಚ್ಚುತ್ತದೆ.

ಬಾವಿಳಿದ ಮೇಲೆ ಒಂಟಿ ಕಾಲಲ್ಲಿ 30 ಸೆಕೆಂಡು ನಿಲ್ಲಿ, ಆಮೇಲೆ ಕಣ್ಣು ಮುಚ್ಚಿ. ತುದಿಗಾಲಲ್ಲಿ ಏಳುವುದು 15ರಂತೆ ಮೂರು ಸುತ್ತು. ಓಟಕ್ಕೆ ಕಾರವಾರದ ಟಾಗೋರ್ ಕಡಲತೀರ ಒಳ್ಳೆಯದೇ, ಆದರೆ ಇಳಿತದ ಹೊತ್ತಿನ ಗಟ್ಟಿ ಮರಳಲ್ಲಿ ಮಾತ್ರ. ಸಡಿಲ ಮರಳಲ್ಲಿ ಹಿಮ್ಮಡಿ ಹುಗಿದು ಪಾದ ತಿರುಚುತ್ತದೆ. ಹೋದಷ್ಟೇ ದೂರ ವಾಪಸ್ ಓಡಿ, ಇಳಿಜಾರು ಒಂದೇ ಕಾಲಿಗೆ ಬೀಳಬಾರದು.

ಒಂಟಿ ಕಾಲಲ್ಲಿ ಕುಪ್ಪಳಿಸಿದಾಗ ಎರಡೂ ಕಾಲು ಸಮ ದೂರ ಹೋಗುವವರೆಗೆ ಪಂದ್ಯ ಬೇಡ.