ಮಣ್ಣು, ಅಕ್ಕಿ, ಪುಂಡಿ ನಾರು: ಕಡೆಗೂ ಉದುರದೆ ನಿಂತ ಚಿತ್ತಾರದ ಹಲಗೆ

ಡ್ರಾಯಿಂಗ್ ಪೀರಿಯಡ್‌ನಲ್ಲಿ ಹಲಗೆ ಮೇಲೆ ಹಸೆ ಚಿತ್ತಾರ ಬರೆಯಲು ಕೆಮ್ಮಣ್ಣು, ಅಕ್ಕಿಹಿಟ್ಟು ಹರವಿಕೊಂಡು ಕೂತಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಉದುರತ್ತೆ ಬಿಡೋ, ಪೋಸ್ಟರ್ ಕಲರ್ ತಗೋ.’ ಮೇಷ್ಟ್ರೂ ಅದನ್ನೇ ಸ್ವಲ್ಪ ಮೆತ್ತಗೆ ಹೇಳಿದರು. ಅವರ ಮಾತು ಸುಳ್ಳಾಗಲಿಲ್ಲ, ಮೊದಲ ಮೂರು ಹಲಗೆ ಉದುರಿದವು. ನಾಲ್ಕನೆಯದು ಒಂದು ಮಳೆಗಾಲ, ಒಂದು ಬೇಸಿಗೆ ದಾಟಿ ತರಗತಿಯ ಗೋಡೆ ಮೇಲೆ ಈಗಲೂ ಇದೆ. ಅಂಗೈಯಿಂದ ಉಜ್ಜಿದರೂ ಬಿಳಿ ಕೈಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಲೆನಾಡಿನ ಸಾಗರ, ಸೊರಬದ ಕಡೆ ದೀವರ ಸಮುದಾಯದವರು ಮನೆಯ ಮಣ್ಣಿನ ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರ ನೋಡಿದವರಿಗೆ ಬಣ್ಣಗಳ ಪಟ್ಟಿ ಹೇಳಬೇಕಿಲ್ಲ. ಕೆಮ್ಮಣ್ಣಿನ ನೆಲೆ (ತಳದ ಬಣ್ಣ), ಅಕ್ಕಿಯ ಬಿಳಿ, ಹುರಿದು ಕರಕಾದ ಅಕ್ಕಿಯ ಕಪ್ಪು, ಗುರಿಗೆ ಅನ್ನುವ ಕಾಡುಮರದ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಪಟ್ಟಿ ಎಲ್ಲರಿಗೂ ಬಾಯಿಪಾಠ, ಹಲಗೆಗೆ ಹಚ್ಚಿದರೆ ಮಾತ್ರ ನಿಲ್ಲುವುದಿಲ್ಲ. ಯಾಕೆ ಅನ್ನುವುದು ಹೊಳೆಯಲು ಮೂರು ಹಲಗೆ ಬೇಕಾಯಿತು. ಗೋಡೆ ಮೊದಲೇ ಮಣ್ಣು. ಮೇಲೆ ಬಳಿಯುವುದೂ ಮಣ್ಣು. ಎರಡೂ ಒಟ್ಟಿಗೆ ನೀರು ಕುಡಿಯುತ್ತವೆ, ಒಟ್ಟಿಗೆ ಒಣಗುತ್ತವೆ. ಪ್ಲೈವುಡ್ ಹಾಗಲ್ಲ. ಮಣ್ಣು ಒಣಗಿ ಕುಗ್ಗುವಾಗ ಅದು ಜೊತೆಗೆ ಬರುವುದಿಲ್ಲ. ಬಣ್ಣವನ್ನು ಎಷ್ಟು ಸರಿಮಾಡಿದರೂ ಪ್ರಯೋಜನವಿಲ್ಲ, ಹಲಗೆಯನ್ನೇ ಗೋಡೆ ಮಾಡಬೇಕು.

ಮೊದಲನೆಯದು ದಪ್ಪ ಡ್ರಾಯಿಂಗ್ ಶೀಟಿಗೆ ರಟ್ಟು ಅಂಟಿಸಿ ಮಾಡಿದ್ದು. ಕೆಮ್ಮಣ್ಣು ಬಳಿದ ಅರ್ಧ ಗಂಟೆಗೆ ಹಪ್ಪಳದಂತೆ ಸುರುಳಿ. ಅದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ.

ಎರಡನೆಯದಕ್ಕೆ ಎರಡು ಅಡಿ ಚೌಕದ ಪ್ಲೈವುಡ್. ಇಲ್ಲಿ ಬುದ್ಧಿವಂತಿಕೆ ಜಾಸ್ತಿಯಾಯಿತು. ಮಣ್ಣನ್ನು ಬಕೆಟ್ ನೀರಲ್ಲಿ ಕದಡಿ, ಮರಳು ಕೂರಲು ಬಿಟ್ಟು, ಮೇಲಿನ ಕೆಂಪು ನೀರನ್ನು ಹಳೇ ಪಂಚೆಯಲ್ಲಿ ಸೋಸಿ, ರಾತ್ರಿಯಿಡೀ ತಳ ಕೂರಿಸಿ, ಆ ಬೆಣ್ಣೆಯಂಥ ಕೆಸರನ್ನೇ ಬಳಿದೆ. ಒದ್ದೆಯಿದ್ದಾಗ ರೇಷ್ಮೆ. ಮಾರನೇ ದಿನ ಬತ್ತಿದ ಕೆರೆಯ ತಳ. ನುಣುಪು ಹೆಚ್ಚಿದಷ್ಟೂ ಮಣ್ಣು ಹೆಚ್ಚು ಕುಗ್ಗುತ್ತದೆ. ಈಗ ಅಷ್ಟೊಂದು ಸೋಸುವುದಿಲ್ಲ. ಕದಡಿದ ಮೇಲೆ ಇಪ್ಪತ್ತು ಎಣಿಸುವಷ್ಟು ಹೊತ್ತು ಬಿಟ್ಟು ಬಗ್ಗಿಸಿದರೆ ದೊರಗು ಮರಳು ತಳದಲ್ಲಿ ಉಳಿಯುತ್ತದೆ, ಸಣ್ಣ ನುಸಿಮರಳು ಮಣ್ಣಿನ ಜೊತೆ ಬರುತ್ತದೆ. ಬಿರುಕು ತಡೆಯುವುದು ಅದೇ. ಬೆರಳಲ್ಲಿ ತಿಕ್ಕಿದರೆ ಚಿರೋಟಿ ರವೆಗಿಂತ ಸಣ್ಣಗೆ ಕಿರಕಿರ ಅನ್ನಬೇಕು. ಏನೂ ಅನ್ನದಿದ್ದರೆ ಸೋಸಿದ್ದು ಜಾಸ್ತಿಯಾಯಿತು ಅಂತ ಅರ್ಥ. ಜಂಬಿಟ್ಟಿಗೆ ಕಲ್ಲಿನ ಪುಡಿ ಸಿಕ್ಕಿದರೆ ನಾಲ್ಕಕ್ಕೊಂದು ಪಾಲು ಸೇರಿಸಬಹುದು. ಬಣ್ಣ ಕಡುವಾಗುತ್ತದೆ, ಕುಗ್ಗುವುದೂ ಕಡಿಮೆ.

ಮೂರನೆಯದು ದುಬಾರಿ ಪಾಠ. ಉದುರಬಾರದೆಂದು ಮಣ್ಣಿಗೆ ಬಡಗಿಗಳ ಬಿಳಿ ಗೋಂದು ಸುರಿದೆ, ಲೋಟ ಮಣ್ಣಿಗೆ ಹತ್ತಿರ ಹತ್ತಿರ ನಾಲ್ಕು ಚಮಚ. ನೆಲೆ ಕಲ್ಲಾಯಿತು. ಆದರೆ ಅಕ್ಕಿಹಿಟ್ಟಿನ ಎಳೆ, ಅಂದರೆ ಗೆರೆ, ಅದರ ಮೇಲೆ ಕೂರಲೇ ಇಲ್ಲ. ನೆಲೆ ನೀರು ಹೀರದಿದ್ದರೆ ಬಿಳಿಗೆ ಬೇರು ಸಿಗುವುದಿಲ್ಲ. ಹಾಗಾದರೆ ಬಿಳಿಗೂ ಗೋಂದು ಹಾಕೋಣ ಅಂದುಕೊಂಡು ಹಾಕಿದರೆ ಇನ್ನೂ ಕೆಟ್ಟಿತು. ಮೇಲಿನ ಪದರ ಕೆಳಗಿನದಕ್ಕಿಂತ ಗಟ್ಟಿಯಾದರೆ, ಒಣಗುವಾಗ ಅದು ಕೆಳಗಿನದನ್ನೂ ಕಿತ್ತುಕೊಂಡು ಏಳುತ್ತದೆ. ಮೀನಿನ ಹುರುಪೆಯ ಹಾಗೆ ಎದ್ದ ಬಿಳಿ ಚೂರುಗಳ ಬೆನ್ನಿಗೆ ಕೆಂಪು ಮಣ್ಣು ಅಂಟಿತ್ತು. ಆ ಚೂರು ತಿರುಗಿಸಿ ನೋಡಿದ ಮೇಲೇ ಲೆಕ್ಕ ಅರ್ಥವಾದದ್ದು: ಕೆಳಗೆ ಗಟ್ಟಿ, ಮೇಲೆ ಹೋದಂತೆ ಅಂಟು ಕಡಿಮೆ.

ನಾಲ್ಕನೆಯದು, ನಿಂತದ್ದು, ಹೀಗೆ.

ಎಂಟು ಎಂಎಂ ಪ್ಲೈವುಡ್‌ನ ಹಿಂದೆ ಎರಡು ರೀಪು ಅಡ್ಡಡ್ಡ ಹೊಡೆಯಬೇಕು. ರೀಪು ಇಲ್ಲದಿದ್ದರೆ ಒಂದೇ ಮುಖ ಒದ್ದೆಯಾಗಿ ಹಲಗೆ ಸೊಟ್ಟಗಾಗುತ್ತದೆ. ಆಮೇಲೆ ನೆಟ್ಟಗೆ ಮಾಡಲು ಯಾವ ಭಾರ ಹೇರಿದರೂ ಆಗದು. ಮುಂಭಾಗಕ್ಕೆ ಹಳೇ ಗೋಣಿ ತಾಟು. ಮೊದಲು ತಾಟನ್ನು ಬಿಸಿನೀರಲ್ಲಿ ಒಗೆದು ಎಣ್ಣೆಪಸೆ ತೆಗೆಯಬೇಕು. ಹಿಂಡಿಯ ಚೀಲವಂತೂ ಬೇಡವೇ ಬೇಡ. ನೂರು ಗ್ರಾಂ ಮೈದಾಕ್ಕೆ ಅರ್ಧ ಲೀಟರ್ ನೀರು, ಕುದಿಸಿ ಅಂಟು ಮಾಡಿ, ತಾಟನ್ನು ಅದರಲ್ಲಿ ಅದ್ದಿ ಹಲಗೆಗೆ ಒತ್ತಿ, ಅಂಚನ್ನು ಹಿಂದಕ್ಕೆ ಮಡಚಿ ಸಣ್ಣ ಮೊಳೆ. ಪೂರ್ತಿ ಒಣಗಲು ಎರಡು ದಿನ. ಗೋಣಿಯ ಎಳೆ ಎದ್ದು ಕಾಣುವ ಹಾಗೇ ಇರಬೇಕು, ಅಂಟಲ್ಲಿ ಮುಳುಗಿ ನುಣ್ಣಗಾದರೆ ಮಣ್ಣಿಗೆ ಹಿಡಿಯಲು ಏನೂ ಉಳಿಯುವುದಿಲ್ಲ.

ಅದರ ಮೇಲೆ ಮಣ್ಣಿನ ಗಾರೆ. ಐದು ಲೋಟ ಮಣ್ಣು, ಎರಡು ಲೋಟ ಹಸಿ ಸಗಣಿ, ಒಂದು ಲೋಟದಷ್ಟು ಗಂಜಿ ತೆಳಿ. ಮೇಯಲು ಹೋಗುವ ದನದ ಸಗಣಿಯಲ್ಲಿ ಹುಲ್ಲಿನ ನಾರು ಜಾಸ್ತಿ, ಬಿರುಕನ್ನು ಹಿಡಿದು ನಿಲ್ಲಿಸುವುದು ಆ ನಾರು. ಕಲಸಿ ಒಂದು ರಾತ್ರಿ ಮುಚ್ಚಿಡಿ. ಮಾರನೇ ದಿನ ಅದು ಕೈಗೆ ಮೆತ್ತುವುದು ಬಿಟ್ಟು ಉಂಡೆಯಾಗುತ್ತದೆ. ಗೋಣಿಗೆ ನೀರು ಚಿಮುಕಿಸಿ, ಅಂಗೈಯಲ್ಲಿ ಒತ್ತಿ ಒತ್ತಿ ಮೂರು ಎಂಎಂ ದಪ್ಪಕ್ಕೆ, ಅಂದರೆ ಎರಡು ಹತ್ತು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟಷ್ಟಕ್ಕಿಂತ ಸ್ವಲ್ಪ ಕಡಿಮೆ. ಬಳಿಯುವುದಲ್ಲ, ಒತ್ತುವುದು. ಬಳಿದರೆ ಗೋಣಿಯ ಕಣ್ಣುಗಳಲ್ಲಿ ಗಾಳಿ ಉಳಿದು, ಒಣಗಿದ ಮೇಲೆ ಬೆರಳಲ್ಲಿ ಬಡಿದರೆ ಡಬಡಬ ಸದ್ದು ಬರುತ್ತದೆ. ಸದ್ದು ಬಂದ ಜಾಗ ಇವತ್ತಲ್ಲ ನಾಳೆ ಬೀಳುತ್ತದೆ.

ನೆರಳಲ್ಲಿ ನಾಲ್ಕು ದಿನ. ಬಿಸಿಲಿಗೆ ಇಟ್ಟರೆ ಅಂಚು ಮೊದಲು ಒಣಗಿ ನಡುವೆ ಸೀಳುತ್ತದೆ. ಎರಡನೇ ದಿನ, ಉಗುರು ಒತ್ತಿದರೆ ಗುರುತು ಬೀಳುವ ಆದರೆ ಕೈಗೆ ಮೆತ್ತದ ಹದದಲ್ಲಿ, ಹೊಳೆಯ ನುಣ್ಣನೆ ಕಲ್ಲಿನಿಂದ ಒಮ್ಮೆ ಉಜ್ಜಿ. ಕೂದಲೆಳೆಯ ಬಿರುಕೆಲ್ಲ ಅಲ್ಲೇ ಮುಚ್ಚಿಕೊಳ್ಳುತ್ತವೆ. ಒಣಗಿದ ಮೇಲೆ ತೆಳ್ಳಗಿನ ಕೆಮ್ಮಣ್ಣಿನ ನೀರು, ಮಜ್ಜಿಗೆಯ ಹದ, ಎರಡು ಸಲ. ಇದನ್ನು ಮಾತ್ರ ಕಲ್ಲಲ್ಲಿ ಉಜ್ಜಬಾರದು. ಉಜ್ಜಿ ಹೊಳಪು ಬರಿಸಿದ ಒಂದು ಮೂಲೆಯಲ್ಲಿ ಬಿಳಿ ಎಳೆ ವಾರದೊಳಗೆ ಪುಡಿಯಾಯಿತು.

ಇನ್ನು ಬಿಳಿ. ಕುಚ್ಚಲಕ್ಕಿ ನಡೆಯುವುದಿಲ್ಲ, ಬಿಳಿ ಬರದೆ ಮಾಸಿದ ಪಂಚೆಯ ಬಣ್ಣ ಬರುತ್ತದೆ. ರೇಷನ್ ಅಕ್ಕಿಯೇ ಚೆನ್ನ, ಕಾಲು ಕಿಲೋ ಎರಡು ಹಲಗೆಗೆ ಸಾಕಾಗಿ ಮಿಗುತ್ತದೆ. ರಾತ್ರಿ ನೆನೆಸಿ ಒರಳಲ್ಲಿ ಅರೆಯಬೇಕು. ಮಿಕ್ಸಿಯಲ್ಲಿ ಸಣ್ಣ ನುಚ್ಚು ಉಳಿಯುತ್ತದೆ, ಆ ನುಚ್ಚು ಕುಂಚದ ತುದಿಗೆ ಬಂದು ಕೂತು ಎಳೆಯನ್ನು ಎರಡಾಗಿ ಸೀಳುತ್ತದೆ. ಮಿಕ್ಸಿಯೇ ಗತಿ ಅಂದರೆ ಅರೆದದ್ದನ್ನು ಬಟ್ಟೆಯಲ್ಲಿ ಸೋಸಿ.

ಪೀರಿಯಡ್ ನಲವತ್ತೈದು ನಿಮಿಷ, ಅದೂ ವಾರಕ್ಕೆ ಎರಡು. ಅರೆದ ಹಿಟ್ಟು ಅಷ್ಟರಲ್ಲಿ ಹುಳಿ ಬಂದು ನೊರೆಯೇಳುತ್ತದೆ, ಹುಳಿಹಿಟ್ಟಿನ ಎಳೆಯಲ್ಲಿ ದೋಸೆಯ ಹಾಗೆ ತೂತು. ಇದಕ್ಕೆ ಕಂಡುಕೊಂಡ ದಾರಿ ನನ್ನದೇ, ಬೇರೆ ಯಾರೂ ಮಾಡಿದ್ದು ನೋಡಿಲ್ಲ: ಅರೆದ ತಕ್ಷಣ ತೆಳ್ಳಗೆ ಮಾಡಿ ತಳ ಕೂರಿಸಿ, ಮೇಲಿನ ನೀರು ಚೆಲ್ಲಿ, ಉಳಿದದ್ದನ್ನು ಬಿಸಿಲಲ್ಲಿ ಬಿಲ್ಲೆಯಾಗಿ ಒಣಗಿಸುವುದು. ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಪೀರಿಯಡ್ ಶುರುವಾಗುವಾಗ ಒಂದು ಬಿಲ್ಲೆ ಪುಡಿ ಮಾಡಿ ನೀರು ಹಾಕಿದರೆ ಐದು ನಿಮಿಷಕ್ಕೆ ಬಣ್ಣ ತಯಾರು.

ಆದರೆ ಹಸಿ ಅಕ್ಕಿಗೆ ತಾನಾಗಿ ಅಂಟು ಇಲ್ಲ, ಒಣಗಿದ ಮೇಲೆ ರಂಗೋಲಿ ಪುಡಿಯಂತೆ ಕೈಗೆ ಬರುತ್ತದೆ. ನಾಲ್ಕು ಪಾಲು ಹಿಟ್ಟಿಗೆ ಒಂದು ಪಾಲು ಅದೇ ಹಿಟ್ಟನ್ನು ಬೇಯಿಸಿದ ಗಂಜಿ ಬೆರೆಸಬೇಕು. ಅರ್ಧಕ್ಕರ್ಧ ಬೆರೆಸಿದರೆ ಮತ್ತೆ ಹುರುಪೆಯ ಕಥೆ. ಇದರ ಜೊತೆಗೆ ಇನ್ನೊಂದು ವಸ್ತು ಕೆಲವು ತೊಟ್ಟು ಬೀಳುತ್ತದೆ, ಅದನ್ನು ಹೇಳುವುದಿಲ್ಲ. ಅಡುಗೆಮನೆಯದ್ದೇ, ಹುಡುಕಿಕೊಳ್ಳಿ.

ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ಅಕ್ಕಿಯ ಬಿಳಿ ಒದ್ದೆಯಿದ್ದಾಗ ಕಾಣುವುದಿಲ್ಲ. ಎಳೆದ ಕೂಡಲೇ ಕೆಂಪಿನ ಮೇಲೆ ಬರೀ ನೀರಿನ ಗೆರೆಯಂತಿರುತ್ತದೆ. ಬಣ್ಣ ತೆಳುವಾಯಿತೆಂದು ಅದರ ಮೇಲೇ ಇನ್ನೊಮ್ಮೆ ಎಳೆಯುತ್ತಾರೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಗೆರೆ ಅಂಚಿನಿಂದ ಒಳಗೆ ನಿಧಾನ ಬೆಳ್ಳಗಾಗುತ್ತಾ ಬರುತ್ತದೆ, ಹಾಲು ಉಕ್ಕುವ ಮೊದಲು ಅಂಚಿನಿಂದ ನೊರೆ ಕಟ್ಟುತ್ತಾ ಬರುವ ಹಾಗೆ. ಎರಡು ಸಲ ಎಳೆದ ಗೆರೆ ದಪ್ಪಗಾಗಿ ಎದ್ದು ಬೀಳುವುದು ಖಂಡಿತ. ಕೈಯನ್ನು ನಂಬಿ, ಕಣ್ಣನ್ನು ಹತ್ತು ನಿಮಿಷ ನಂಬಬೇಡಿ.

ಕಪ್ಪಿಗೆ ಅಕ್ಕಿಯನ್ನು ಬಾಣಲೆಯಲ್ಲಿ ಹೊಗೆ ನಿಲ್ಲುವವರೆಗೆ ಹುರಿಯಬೇಕು. ಕಂದು ಉಳಿದರೆ ಕಾಫಿ ಬಣ್ಣ. ಪುಡಿ ಮಾಡಿ ನೀರಿಗೆ ಹಾಕಿದರೆ ತೇಲುತ್ತದೆ, ಎಷ್ಟು ಕದಡಿದರೂ ಬೆರೆಯದು. ಪುಡಿಗೆ ನೀರು ಮುಟ್ಟಿಸದೆ ಮೊದಲೇ ಗಂಜಿ ಹಾಕಿ ಅರೆದರೆ ಸಮಸ್ಯೆಯೇ ಇಲ್ಲ.

ಹಳದಿಗೆ ಗುರಿಗೆ ಬೀಜ ಸಿಗದಾಗ ಅರಿಸಿನ ಹಾಕಿ ನೋಡಿದೆ. ಕಿಟಕಿ ಪಕ್ಕ ಇಟ್ಟ ತುಂಡು ಎರಡು ವಾರಕ್ಕೆ ಬಿಳಿಚಿತು. ಅದಕ್ಕಿಂತ ತಮಾಷೆ, ಸುಣ್ಣ ಹೊಡೆದ ಗೋಡೆಗೆ ತಾಗಿ ನಿಂತ ಅಂಚು ಒದ್ದೆಯಾಗಿ ಕುಂಕುಮದ ಕೆಂಪಾಯಿತು. ಅರಿಸಿನಕ್ಕೆ ಸುಣ್ಣ ಮುಟ್ಟಿದರೆ ಹಾಗೇ. ಬೇಕೆಂದೇ ಇದನ್ನು ಬಳಸಿ ಒಂದು ಸಣ್ಣ ಹಲಗೆಯಲ್ಲಿ ಸುಣ್ಣದ ನೀರಿನಿಂದ ಹಳದಿಯ ಮೇಲೆ ಕೆಂಪು ಚುಕ್ಕಿ ಇಟ್ಟೆ. ಚಂದ ಬಂತು, ಆದರೆ ಬೆಳಕಿಗೆ ಅದೂ ನಿಲ್ಲಲಿಲ್ಲ. ಚಿತ್ತಾರಕ್ಕೆ ಗುರಿಗೆಯೇ ಇರಲಿ.

ಕುಂಚದ ವಿಷಯ. ಕೊಳೆಸಿ ಸುಲಿದ ಪುಂಡಿ ನಾರನ್ನು ಗೇಣುದ್ದ ಕತ್ತರಿಸಿ, ಹನ್ನೆರಡರಿಂದ ಹದಿನೈದು ಎಳೆ ಸೇರಿಸಿ, ಮೇಲ್ತುದಿಯಲ್ಲಿ ದಾರ ಸುತ್ತಿ, ಕೆಳತುದಿ ಎರಡು ಬೆರಳಷ್ಟು ಬಿಟ್ಟು ಇನ್ನೊಂದು ಸುತ್ತು. ಒಂದು ಎಳೆ ಉದ್ದ ಉಳಿದರೂ ಗೆರೆಯ ಪಕ್ಕದಲ್ಲಿ ಇನ್ನೊಂದು ತೆಳ್ಳಗಿನ ಗೆರೆ ಬರುತ್ತದೆ. ಹೊಸ ಕುಂಚ ಬಣ್ಣ ಹಿಡಿಯುವುದಿಲ್ಲ, ಅರ್ಧ ದಿನ ನೀರಲ್ಲಿ ನೆನೆಸಿ. ತುದಿಯಿಂದ ಚುಚ್ಚಿ ಬರೆಯಬಾರದು. ನಾರನ್ನು ಮಲಗಿಸಿ ನಮ್ಮ ಕಡೆಗೆ ಎಳೆಯಬೇಕು. ಒಮ್ಮೆ ಅದ್ದಿದರೆ ಗೇಣುದ್ದ ಒಂದೇ ಸಮನೆ ಬರುತ್ತದೆ, ಅಂಗಡಿಯ ನಾಲ್ಕನೇ ನಂಬರ್ ಬ್ರಷ್‌ನಲ್ಲಿ ಅದರ ಅರ್ಧವೂ ಬರದು. ನೆಲೆ ತೀರಾ ಒಣಗಿದ್ದರೆ ಬಣ್ಣವನ್ನು ಎಳೆದುಕೊಂಡು ಗೆರೆ ತುಂಡಾಗುತ್ತದೆ, ಎಳೆಯುವ ಮೊದಲು ಒದ್ದೆ ಬಟ್ಟೆ ಹಗುರ ಮುಟ್ಟಿಸಿ. ಅಳತೆಗೆ ಪೆನ್ಸಿಲ್ ಬೇಡ, ಕೆಂಪಿನ ಮೇಲೆ ಅದು ಮಿನುಗಿ ಕಾಣುತ್ತದೆ. ಬಡಗಿಗಳು ನೂಲು ಹೊಡೆಯುವ ಹಾಗೆ ಒಣ ಅಕ್ಕಿಹಿಟ್ಟು ಸವರಿದ ನೂಲು ಹೊಡೆದು, ಹೊರಗಿನ ಚೌಕದಿಂದ ಒಳಗೆ ಬನ್ನಿ. ಒಳಗಿಂದ ಶುರು ಮಾಡಿದರೆ ಕೊನೆಯ ಅಂಚಿನ ತ್ರಿಕೋನದ ಸಾಲು ಒಂದು ಕಡೆ ಹನ್ನೊಂದು, ಇನ್ನೊಂದು ಕಡೆ ಹತ್ತೂವರೆ ಆಗುತ್ತದೆ.

ಮಳೆಗಾಲದ ಬೂಷ್ಟು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಅಕ್ಕಿ ಅಂದಮೇಲೆ ಬಂದೇ ಬರುತ್ತದೆ, ಜಿರಲೆಯೂ ನೆಕ್ಕುತ್ತದೆ. ತೋಟಕ್ಕೆ ಔಷಧಿ ಹೊಡೆಯಲು ತಂದ ಮೈಲುತುತ್ತ ಚಿಟಿಕೆ ಹಾಕಿ ನೋಡಿದೆ. ಬೂಷ್ಟು ಬರಲಿಲ್ಲ, ಬಿಳಿ ಮಾತ್ರ ತಿಳಿನೀಲಿಯಾಯಿತು. ವಿಷ ಬೇರೆ, ಸಣ್ಣ ಮಕ್ಕಳಿರುವ ಕಡೆ ಬೇಡ. ಪಟಿಕವೇ ವಾಸಿ, ಲೋಟ ಗಂಜಿಗೆ ಕಡಲೆ ಗಾತ್ರದ ತುಂಡು. ಬೆಚ್ಚಗಿರಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟ ತುಂಡಿಗೆ ಬೂಷ್ಟು ಹತ್ತಲಿಲ್ಲ, ಹೊಗೆ ಹತ್ತಿ ಬಿಳಿಯೆಲ್ಲ ಚಹಾದ ಬಣ್ಣವಾಯಿತು.

ಖರ್ಚು ನೆನಪಿದ್ದಷ್ಟು: ಪ್ಲೈವುಡ್ ತುಂಡು ಮರಗೆಲಸದವರ ಹತ್ತಿರ ನೂರೈವತ್ತು, ರೀಪು ಮೊಳೆ ನಲವತ್ತು, ಮೈದಾ ಪಟಿಕ ಇಪ್ಪತ್ತು. ಮಣ್ಣು, ಸಗಣಿ, ನಾರು, ಅಕ್ಕಿ ಮನೆಯದು. ಇನ್ನೂರ ಹತ್ತರ ಆಸುಪಾಸು. ಕೆಟ್ಟ ಮೂರಕ್ಕೆ ಹೋದದ್ದು ಆರುನೂರರ ಮೇಲೆ, ಅದರಲ್ಲಿ ಅರ್ಧ ಗೋಂದಿನದ್ದೇ. ಪೋಸ್ಟರ್ ಕಲರ್ ತಗೋ ಅಂದವರು ತಮ್ಮ ಹಲಗೆಗೆ ಬಣ್ಣ, ಬ್ರಷ್, ವಾರ್ನಿಷ್ ಅಂತ ಅದಕ್ಕೂ ಹೆಚ್ಚು ಸುರಿದಿದ್ದಾರೆ. ಅವರ ಕೆಂಪು ಪ್ಲಾಸ್ಟಿಕ್ ಬಕೆಟ್ಟಿನ ಕೆಂಪು.

ಹಲಗೆ ನಾಲ್ಕೂವರೆ ಕಿಲೋ ತೂಗುತ್ತದೆ, ಒಂದೇ ಮೊಳೆಗೆ ನೇತುಹಾಕಬೇಡಿ, ರೀಪಿನ ಎರಡು ತುದಿಗೂ ಕೊಕ್ಕೆ. ಸಾಗಿಸುವಾಗ ಮಲಗಿಸದೆ ನಿಲ್ಲಿಸಿಯೇ ಒಯ್ಯಬೇಕು, ಮಲಗಿಸಿದರೆ ಬಸ್ಸಿನ ಕುಲುಕಾಟಕ್ಕೆ ನಡುವಿನ ಗಾರೆ ಬಿಡುತ್ತದೆ. ಮೂಲೆ ಮುಕ್ಕಾದರೆ ಅದೇ ಮಣ್ಣು ಬೇಕು, ಅದೇ ಗುಡ್ಡದ ಬೇರೆ ಕಡೆ ಅಗೆದದ್ದು ಬಣ್ಣಕ್ಕೆ ಹೊಂದುವುದಿಲ್ಲ. ಅದಕ್ಕೆ ಗಾರೆ ಕಲಸುವ ದಿನವೇ ಎರಡು ಮುಷ್ಟಿ ಒಣಮಣ್ಣು ಪೊಟ್ಟಣ ಕಟ್ಟಿ ಹಲಗೆಯ ಹಿಂದೆ, ರೀಪಿನ ಸಂದಿಯಲ್ಲಿ ಸಿಕ್ಕಿಸಿಡಿ.